ಟಗರು ಬದಲಾಯಿಸಿದ ಬೆಟ್ಟ

ಕೇಳುಗರಿಗೆ ನಮಸ್ಕಾರ. ನಿಮ್ಮಲ್ಲಿ ಕುರಿ, ಮೇಕೆ ಸಾಕಿದವರಿದ್ದರೆ ಇವತ್ತಿನ ಅರ್ಧ ಪಾಠ ನಿಮಗೆ ಆಗಲೇ ಗೊತ್ತು. ಎರಡು ಮೂರು ವರ್ಷಕ್ಕೊಮ್ಮೆ ಮಂದೆಯ ಟಗರು ಬದಲಾಯಿಸಬೇಕು. ಇಲ್ಲದಿದ್ದರೆ ಅದರ ಮಕ್ಕಳು ಮೊಮ್ಮಕ್ಕಳೇ ಮಂದೆ ತುಂಬುತ್ತವೆ. ಮರಿ ಬಡಕಲಾಗುತ್ತದೆ, ಗಬ್ಬ ನಿಲ್ಲುವುದಿಲ್ಲ, ಹುಟ್ಟಿದ್ದು ಉಳಿಯುವುದಿಲ್ಲ. ಅಲ್ವಾ? ಆಸ್ಟ್ರೇಲಿಯಾದ ಒಂದು ಪುಟ್ಟ ಪ್ರಾಣಿಯ ಕಥೆಯೂ ಇದೇ.

ಅದರ ಹೆಸರು ಬೆಟ್ಟದ ಕುಳ್ಳ ಪಾಸಮ್. ನೋಡಲು ಥೇಟ್ ಇಲಿ. ಆದರೆ ಕಾಂಗರೂ ಬಳಗದ್ದು, ಹೊಟ್ಟೆಯ ಚೀಲದಲ್ಲಿ ಮರಿ ಬೆಳೆಸುತ್ತದೆ. ತೂಕ ಸುಮಾರು 45 ಗ್ರಾಂ, ಕೋಳಿಮೊಟ್ಟೆಯಷ್ಟೂ ಇಲ್ಲ. ಹಿಮ ಬೀಳುವ ಬೆಟ್ಟದ ನೆತ್ತಿಯಲ್ಲಿ ಬಂಡೆ ಸಂದಿಯೇ ಮನೆ. ಚಳಿಗಾಲ ಬಂತೆಂದರೆ ತಿಂಗಳುಗಟ್ಟಲೆ ಮುದುಡಿ ನಿದ್ದೆ.

ಇದರದ್ದೊಂದು ಕಥೆ ಹೇಳದೆ ಮುಂದೆ ಹೋಗಲು ನನಗಾಗುವುದಿಲ್ಲ. 1890ರ ದಶಕದಲ್ಲಿ ರಾಬರ್ಟ್ ಬ್ರೂಮ್ ಎಂಬ ವೈದ್ಯರಿಗೆ ವೊಂಬಿಯನ್ ಗುಹೆಗಳ ಹತ್ತಿರ ಪುಟಾಣಿ ದವಡೆ ಮೂಳೆಗಳು ಸಿಕ್ಕವು. ಅದರಲ್ಲೊಂದು ಹಲ್ಲು ವಿಚಿತ್ರ. ದೊಡ್ಡದು, ಮೈತುಂಬಾ ಗೀರು. ಬುರ್ರಾಮಿಸ್ ಎಂದು ಹೆಸರಿಟ್ಟರು. ಎಂದೋ ಅಳಿದುಹೋದ ಪ್ರಾಣಿ ಅಂತ ಎಲ್ಲರೂ ಒಪ್ಪಿ ಮರೆತರು. ಎಪ್ಪತ್ತು ವರ್ಷ ಕಳೆಯಿತು. 1966ರಲ್ಲಿ ವಿಕ್ಟೋರಿಯಾದ ಹೋಥಮ್ ಬೆಟ್ಟದಲ್ಲಿ, ಹಿಮದ ಮೇಲೆ ಜಾರುತ್ತಾ ಸ್ಕೀ ಆಡುವವರು ತಂಗುವ ಮನೆಯೊಳಗೆ ಒಂದು ಪುಟ್ಟ ಪ್ರಾಣಿ ಸಿಕ್ಕಿಬಿತ್ತು. ನೀವೋ ನಾನೋ ಅಲ್ಲಿದ್ದಿದ್ದರೆ ಸೀದಾ ಪೊರಕೆ ಎತ್ತುತ್ತಿದ್ದೆವು! ಪುಣ್ಯಕ್ಕೆ ಅವರು ತಿಳಿದವರಿಗೆ ತೋರಿಸಿದರು. ನೋಡಿದರೆ ಅದೇ ಗೀರುಹಲ್ಲಿನ ಬುರ್ರಾಮಿಸ್. ಬರೀ ಮೂಳೆಯಾಗಿ ಪರಿಚಯವಿದ್ದದ್ದು ಮೀಸೆ ಕುಣಿಸುತ್ತಾ ಎದುರಿಗಿತ್ತು. ಈ ಕಥೆ ನೂರು ಸಲ ಹೇಳಿದ್ದೇನೆ, ನನಗಿನ್ನೂ ಬೇಜಾರಾಗಿಲ್ಲ.

ಸರಿ, ವಿಕ್ಟೋರಿಯಾದಲ್ಲೇ ಇರುವ ಇನ್ನೊಂದು ಬೆಟ್ಟ, ಬುಲ್ಲರ್‌ಗೆ ಬರೋಣ. 1996ರಲ್ಲಿ ಇಲ್ಲೂ ಇವು ಕಂಡವು, ಸುಮಾರು 300. ಸಾವಿರಾರು ವರ್ಷದಿಂದ ಬೇರೆ ಬೆಟ್ಟದವರ ಜೊತೆ ನೆಂಟಸ್ತನವೇ ಇರಲಿಲ್ಲ. ಜೊತೆಗೆ ಸ್ಕೀ ಜಾಗಗಳು, ಕಾಡುಬಿದ್ದ ಬೆಕ್ಕು, ನರಿಗಳ ಕಾಟ. ಹತ್ತು ವರ್ಷದಲ್ಲಿ ಉಳಿದದ್ದು 40ರ ಆಸುಪಾಸು. ಮದುವೆಗೆ ಗಂಡು ಹುಡುಕಿದರೆ ಅಣ್ಣನೋ ಚಿಕ್ಕಪ್ಪನೋ!

ಹೊಸ ರಕ್ತ ಬೇಕಿತ್ತು. ಆದರೆ ಬೇರೆ ಬೆಟ್ಟದ್ದು ತಂದರೆ ತಳಿ ಕೆಡುತ್ತದೆ ಎನ್ನುವವರು ಯಾವಾಗಲೂ ಇರುತ್ತಾರೆ. ಆ ಮಾತು ಕೇಳಿದರೆ, ಕ್ಷಮಿಸಿ, ನನಗೆ ಸಿಟ್ಟು ಬರುತ್ತದೆ. ಶುದ್ಧವಾಗಿಯೇ ಸತ್ತುಹೋದ ತಳಿಯನ್ನು ಏನು ಮಾಡಲಿ? 2011ರಲ್ಲಿ ಹೋಥಮ್‌ನಿಂದ ಬೆರಳೆಣಿಕೆಯ ಗಂಡುಗಳನ್ನು ತಂದು ಬಿಟ್ಟರು. ಆಮೇಲೆ ಇನ್ನೊಮ್ಮೆ. ಬೆರಕೆ ಮರಿಗಳು ಮೈಕಟ್ಟಿನಲ್ಲಿ ದೊಡ್ಡವಾದವು. ಅವುಗಳಲ್ಲಿ ಹೆಣ್ಣುಗಳು ಜಾಸ್ತಿ ಮರಿ ಹಾಕಿದವು, ಜಾಸ್ತಿ ದಿನ ಬದುಕಿದವು. ಸಂಖ್ಯೆ 200 ದಾಟಿತು. ಬೆಕ್ಕು, ನರಿ ಹಿಡಿದದ್ದೂ ನೆರವಾಯಿತು, ಇಲ್ಲ ಅನ್ನುವುದಿಲ್ಲ. ಆದರೆ ಬೆಟ್ಟದ ಹಣೆಬರಹ ತಿರುಗಿದ್ದು ಟಗರು ಬದಲಾಯಿಸಿದ್ದರಿಂದ.

ಶಿರಾ ಕಡೆಯ ಕುರಿಗಾಹಿಯೊಬ್ಬರಿಗೆ ಇದನ್ನೆಲ್ಲಾ ವಿವರಿಸಿದೆ. ಬೀಡಿ ಆರಿಸಿ, "ಇದಕ್ಕೆ ಅಷ್ಟೊಂದು ಓದಬೇಕಿತ್ತಾ ಸ್ವಾಮಿ?" ಅಂದರು.

ಹೋಥಮ್‌ನಲ್ಲಿ ಗಂಡು ಹೆಣ್ಣು ಸೇರಲೆಂದು ರಸ್ತೆಯಡಿ ಕಟ್ಟಿದ ಸುರಂಗದ ಕಥೆ, ಇವು ತಿನ್ನುವ ಬೊಗೊಂಗ್ ಪತಂಗ ಬಾರದ ವರ್ಷ ಮರಿ ಕಳೆದುಕೊಂಡ ತಾಯಂದಿರ ಕಥೆ, 2020ರ ಕಾಳ್ಗಿಚ್ಚಿನ ನಂತರ ಇವಕ್ಕೆಂದೇ ತಯಾರಿಸಿದ ಬಿಸ್ಕತ್ತಿನ ಕಥೆ, ಎಲ್ಲ ಹೇಳಬೇಕೆಂದಿದ್ದೆ. ಆ ಸ್ಕೀ ಮನೆಯೇ ಸಮಯ ತಿಂದುಹಾಕಿತು. ನಮಸ್ಕಾರ.