ಕತ್ತರಿ ಬೀಳದ ಕ್ಯಾನ್

ನಮಸ್ಕಾರ. ಇವತ್ತು ಕ್ಯಾನ್ ಬಗ್ಗೆ ಮಾತಾಡೋಣ. 1968ರಲ್ಲಿ ಜರ್ಮನಿಯ ಕಲೋನ್‌ನಲ್ಲಿ ಶುರುವಾದ ರಾಕ್ ಬ್ಯಾಂಡ್ ಇದು. ಇವರ ಹಳೇ ಲೈವ್ ರೆಕಾರ್ಡಿಂಗ್‌ಗಳು 2021ರಿಂದ ಒಂದೊಂದಾಗಿ ಹೊರಗೆ ಬಂದಿವೆ. ಸ್ಟುಟ್‌ಗಾರ್ಟ್, ಬ್ರೈಟನ್, ಕುಕ್ಸ್‌ಹಾಫನ್, ಪ್ಯಾರಿಸ್, ಆಸ್ಟನ್, ಕೀಲ್ ಅಂತ ನುಡಿಸಿದ ಊರಿನ ಹೆಸರಲ್ಲೇ ಆರು ಆಲ್ಬಮ್. ಮೊದಲು ಸ್ಟುಡಿಯೋ ಆಲ್ಬಮ್ ಕೇಳಿ, ಪುರುಸೊತ್ತಿದ್ದರೆ ಆಮೇಲೆ ಇವನ್ನು ಕೇಳಿ ಅನ್ನುವವರೇ ಜಾಸ್ತಿ. ನಾನು ಇದನ್ನು ಒಪ್ಪುವುದಿಲ್ಲ. ಕ್ಯಾನ್ ಏನು ಅಂತ ತಿಳಿಯಬೇಕಾದರೆ ಈ ಲೈವ್‌ಗಳಿಂದಲೇ ಶುರು ಮಾಡಬೇಕು.

ಅವರ ಕೆಲಸದ ರೀತಿಯೇ ಹಾಗಿತ್ತು. ಕಲೋನ್ ಹತ್ತಿರದ ವೈಲರ್ಸ್ವಿಸ್ಟ್‌ನಲ್ಲಿ ಒಂದು ಹಳೇ ಟಾಕೀಸನ್ನು ಸ್ಟುಡಿಯೋ ಮಾಡಿಕೊಂಡಿದ್ದರು. ಸದ್ದು ತಡೆಯೋಕೆ ಗೋಡೆಗೆಲ್ಲ ಮಿಲಿಟರಿ ಹಾಸಿಗೆ ಹೊಡೆದಿದ್ದರು. ಅಲ್ಲಿ ಕೂತು ಗಂಟೆಗಟ್ಟಲೆ ನುಡಿಸುತ್ತಿದ್ದರು, ಟೇಪ್ ಓಡುತ್ತಲೇ ಇರುತ್ತಿತ್ತು. ಆಮೇಲೆ ಬೇಸ್ ಗಿಟಾರಿನ ಹೋಲ್ಗರ್ ಚುಕಾಯ್ ಆ ಟೇಪನ್ನು ಕತ್ತರಿಸಿ, ಅಂಟಿಸಿ ಹಾಡು ಮಾಡುತ್ತಿದ್ದರು. ಚುಕಾಯ್ ಮತ್ತು ಕೀಬೋರ್ಡಿನ ಇರ್ಮಿನ್ ಶ್ಮಿಟ್ ಇಬ್ಬರೂ ಟೇಪ್‌ನಲ್ಲೇ ಸಂಗೀತ ಕಟ್ಟುತ್ತಿದ್ದ ಜರ್ಮನಿಯ ಸಂಗೀತಗಾರ ಸ್ಟಾಕ್‌ಹೌಸನ್ ಹತ್ತಿರ ಕಲಿತವರು, ಹಾಗಾಗಿ ಕತ್ತರಿ ಪಳಗಿದ ಕೈಯಲ್ಲೇ ಇತ್ತು. ಆದರೂ ಹಾಡು ಹುಟ್ಟುವ ಮುಂಚಿನ ತಡಕಾಟ, ದಾರಿ ತಪ್ಪಿ ಮತ್ತೆ ಸಿಗುವುದು, ಎಲ್ಲರೂ ಒಂದೇ ಸಲ ಕೂಡಿಕೊಳ್ಳುವ ಗಳಿಗೆ, ಇದೆಲ್ಲ ಎಷ್ಟೋ ಸಲ ಕತ್ತರಿಗೆ ಹೋಗುತ್ತಿತ್ತು. ಲೈವ್‌ನಲ್ಲಿ ಅದು ಇಡಿಯಾಗಿ ಸಿಗುತ್ತದೆ.

ಸ್ಟುಟ್‌ಗಾರ್ಟ್ 1975 ಹಾಕಿ. ಅಷ್ಟು ಹೊತ್ತಿಗೆ ಬ್ಯಾಂಡಿನಲ್ಲಿ ಬೇರೆ ಹಾಡುಗಾರರಿಲ್ಲ, ನಾಲ್ಕೇ ಜನ. ಟ್ರ್ಯಾಕ್‌ಗಳಿಗೆ ಹೆಸರಿಲ್ಲ, ಬರೀ ನಂಬರ್. ಮೂರನೆಯದೊಂದೇ ಅರ್ಧ ಗಂಟೆ ದಾಟುತ್ತದೆ. ಅದರಲ್ಲಿ ಯಾಕಿ ಲೀಬೆಟ್ಸೈಟ್ ಅವರ ಡ್ರಮ್ಸ್ ಒಂದನ್ನೇ ಹಿಡಿದು ಕೇಳಿ. ತಾಳದ ಕಟ್ಟಿಲ್ಲದೆ ನುಡಿಸುವ ಫ್ರೀ ಜಾಜ್ ಬಿಟ್ಟು ಬಂದ ಮನುಷ್ಯ. ಒಂದು ಪೆಟ್ಟಿನ ಸಾಲು ಹಿಡಿದರೆ ಬಿಡುವುದೇ ಇಲ್ಲ. ಎಲ್ಲೋ ಒಂದು ಕಡೆ ಒಂದೇ ಪೆಟ್ಟು ಜಾಗ ಬದಲಿಸುತ್ತದೆ, ಅಷ್ಟಕ್ಕೇ ಇಡೀ ಬ್ಯಾಂಡ್ ಬೇರೆ ಕಡೆ ತಿರುಗುತ್ತದೆ. ಅದರ ಮೇಲೆ ಮಿಖಾಯೆಲ್ ಕರೋಲಿ ಅವರ ಗಿಟಾರ್ ಉದ್ದಕ್ಕೆ ತೇಲುತ್ತದೆ. ಶ್ಮಿಟ್ ಹತ್ತಿರ ಆಲ್ಫಾ 77 ಅಂತ ಒಂದು ಯಂತ್ರ ಇತ್ತು, ಅವರಿಗಾಗಿಯೇ ಮಾಡಿಸಿದ್ದು. ಆರ್ಗನ್, ಪಿಯಾನೋ ಸದ್ದನ್ನೆಲ್ಲ ಅದರೊಳಗೆ ಹಾಯಿಸಿ ತಿರುಚುತ್ತಿದ್ದರು. ಈ ಸಂಗೀತಕ್ಕೆ ಆ ಬಾಹ್ಯಾಕಾಶದ ಗುಂಗು ಬರೋದು ಜಾಸ್ತಿ ಅಲ್ಲಿಂದಲೇ.

ಸೌಂಡ್ ಚೆನ್ನಾಗಿಲ್ಲ ಅನ್ನುತ್ತಾರೆ. ನಿಜ, ಸ್ಟುಡಿಯೋದಷ್ಟು ಶುಭ್ರವಾಗಿಲ್ಲ. ಈ ಟೇಪ್‌ಗಳಲ್ಲಿ ಕೆಲವನ್ನು ಮಾಡಿದ್ದು ಇಂಗ್ಲೆಂಡಿನ ಒಬ್ಬ ಅಭಿಮಾನಿ. ದೊಗಳೆ ಪ್ಯಾಂಟಿನೊಳಗೆ ರೆಕಾರ್ಡರ್ ಬಚ್ಚಿಟ್ಟುಕೊಂಡು ಹಾಲ್ ಒಳಗೆ ಹೋಗುತ್ತಿದ್ದರಂತೆ. ಆ ಮನುಷ್ಯನಿಗೆ ನಾವೆಲ್ಲ ಕೈ ಮುಗಿಯಬೇಕು. ಅವರಂಥವರು ಇಲ್ಲದಿದ್ದರೆ ಆ ರಾತ್ರಿಗಳು ಅಲ್ಲಿ ಕೂತವರ ನೆನಪಲ್ಲೇ ಮುಗಿದುಹೋಗುತ್ತಿದ್ದವು. ಶ್ಮಿಟ್ ಮತ್ತು ಸೌಂಡ್ ಎಂಜಿನಿಯರ್ ರೆನೆ ಟಿನ್ನರ್ ಈ ಟೇಪ್‌ಗಳನ್ನು ಕೇಳುವಂತೆ ಮಾಡಿದ್ದಾರೆ, ಆದರೆ ಒರಟುತನ ಪೂರ್ತಿ ಹೋಗಿಲ್ಲ. ಹೋಗಬಾರದಿತ್ತು ಕೂಡ. ಜನರ ನಡುವೆ ನಿಂತು ಕೇಳಿದ ಹಾಗೆ ಇದೆ, ಅದೇ ನನಗೆ ಬೇಕಾಗಿದ್ದು.

ಆರೂ ಒಂದೇ ಮಟ್ಟದಲ್ಲಿಲ್ಲ. ಕುಕ್ಸ್‌ಹಾಫನ್ ಸುಮಾರು ಅರ್ಧ ಗಂಟೆಯದ್ದು ಅಷ್ಟೇ, ಕಾವು ಏರುವಾಗಲೇ ಮುಗಿಯುತ್ತದೆ. ಆಸ್ಟನ್, ಕೀಲ್ ಎರಡೂ 1977ರವು. ಆಗ ಬೇಸ್‌ಗೆ ರಾಸ್ಕೋ ಗೀ ಬಂದಿದ್ದರು, ಚುಕಾಯ್ ರೇಡಿಯೋ, ಟೇಪ್ ಸದ್ದು ಬೆರೆಸುವ ಕಡೆಗೆ ಸರಿದಿದ್ದರು. ಗೀ ಬೆರಳು ಚುರುಕು, ಅನುಮಾನವೇ ಇಲ್ಲ. ಆದರೆ ಚುಕಾಯ್ ಎರಡೇ ಸ್ವರ ಹಿಡಿದು ಲೀಬೆಟ್ಸೈಟ್ ಜೊತೆ ಕಚ್ಚಿಕೊಳ್ಳುತ್ತಿದ್ದ ಬಿಗಿ ಅಲ್ಲಿ ಸಡಿಲವಾಗಿದೆ.

ನನಗೆ ಎಲ್ಲಕ್ಕಿಂತ ದೊಡ್ಡದು ಪ್ಯಾರಿಸ್. 1973ರ ಮೇ ತಿಂಗಳು, ಓಲಿಂಪಿಯಾ ಹಾಲ್. ಹಾಡುತ್ತಿರುವುದು ದಾಮೋ ಸುಜುಕಿ. ಕೆಲವೇ ತಿಂಗಳಲ್ಲಿ ಅವರು ಬ್ಯಾಂಡ್ ಬಿಟ್ಟರು. ಅವರ ಸ್ಪೂನ್, ವಿಟಮಿನ್ ಸಿ ಹಾಡುಗಳೆರಡೂ ಇಲ್ಲಿವೆ, ಆದರೆ ಸ್ಟುಡಿಯೋ ಡಿಸ್ಕ್‌ನಲ್ಲಿ ಕೇಳಿದ ಅಳತೆಗೆ ಸಿಗುವುದಿಲ್ಲ. ಈ ಆಲ್ಬಮ್ ಬಂದಿದ್ದು 2024ರ ಫೆಬ್ರವರಿಯಲ್ಲಿ. ಅದೇ ತಿಂಗಳು ಸುಜುಕಿ ತೀರಿಕೊಂಡರು. ಕರೋಲಿ 2001ರಲ್ಲೇ ಹೋಗಿದ್ದರು, ಲೀಬೆಟ್ಸೈಟ್ ಮತ್ತು ಚುಕಾಯ್ 2017ರಲ್ಲಿ.

ಈ ಆರರಲ್ಲಿ ಸುಜುಕಿ ಇರುವುದು ಇದೊಂದರಲ್ಲೇ. ಅದೇ ನನ್ನ ಕೊರಗು. ಆ ಕಾಲದ ಟೇಪ್ ಇನ್ನೂ ಯಾವುದಾದರೂ ಇದ್ದರೆ, ಕರಕರ ಅನ್ನಲಿ, ಅರ್ಧಕ್ಕೇ ನಿಂತಿರಲಿ, ಹೊರಗೆ ತನ್ನಿ. ಸೌಂಡ್ ಸರಿಯಿಲ್ಲ ಅಂತ ಕಪಾಟಿನಲ್ಲಿ ಇಟ್ಟುಕೊಳ್ಳಬೇಡಿ.