ಕೋಬುರ್ಗ್‌ನ ಕಪ್ಪು ಸಂತ

ಕೇಳುಗರಿಗೆ ನಮಸ್ಕಾರ. ಜರ್ಮನಿಯ ಊರುಗಳ ಲಾಂಛನದಲ್ಲಿ ಕರಡಿ, ಹದ್ದು, ಕೋಟೆ ಬಾಗಿಲು ಜಾಸ್ತಿ. ಬವೇರಿಯಾ ರಾಜ್ಯದ ಉತ್ತರ ತುದಿಯಲ್ಲಿರುವ ಕೋಬುರ್ಗ್‌ನದು ಬೇರೆ. ಚಿನ್ನದ ಬಣ್ಣದ ಗುರಾಣಿ, ಅದರ ಮೇಲೆ ಕಪ್ಪು ಮನುಷ್ಯನೊಬ್ಬನ ತಲೆ. ಗುಂಗುರು ಕೂದಲು, ದಪ್ಪ ಕೆಂಪು ತುಟಿ, ಕಿವಿಯಲ್ಲಿ ಚಿನ್ನದ ಓಲೆ. ಊರಿನ ಮ್ಯಾನ್‌ಹೋಲ್ ಮುಚ್ಚಳಗಳ ಮೇಲೂ ಇದೇ ತಲೆ. ಜನ ಸುಮ್ನೆ ತುಳಿದುಕೊಂಡು ಓಡಾಡುತ್ತಾರೆ. ನಮ್ಮಲ್ಲಾಗಿದ್ದರೆ ಗಲಾಟೆ ಆಗುತ್ತಿತ್ತು, ಅಲ್ವಾ? ಯಾಕಂದರೆ ಆತ ಸಂತ.

ಹೆಸರು ಮಾರಿಸ್. ಈಜಿಪ್ಟಿನ ಥೀಬ್ಸ್ ಕಡೆಯಿಂದ ಬಂದ ರೋಮನ್ ಪಡೆಯೊಂದರ ನಾಯಕ ಅಂತ ಕಥೆ. 3ನೇ ಶತಮಾನದ ಕೊನೆಯ ಮಾತು. ಕ್ರೈಸ್ತರನ್ನು ಹಿಂಸಿಸಿ ಅಂತ ಚಕ್ರವರ್ತಿಯ ಅಪ್ಪಣೆ ಬಂತು. ಮಾರಿಸ್ ಆಗಲ್ಲ ಅಂದ. ಈಗಿನ ಸ್ವಿಟ್ಜರ್ಲೆಂಡಿನ ನೆಲದಲ್ಲಿ ಅವನನ್ನೂ ಅವನ ಸೈನಿಕರನ್ನೂ ಕೊಂದರಂತೆ. ಕೋಬುರ್ಗ್‌ನವರು ಅವನನ್ನು ಊರು ಕಾಯುವ ಸಂತ ಅಂತ ನಂಬಿದರು, ಅವನ ಹೆಸರಲ್ಲಿ ಚರ್ಚ್ ಕಟ್ಟಿದರು. ಆಮೇಲೆ ಊರು, ಸಂತರ ಪೂಜೆ ಬೇಡವೆಂದ ಧರ್ಮ ಸುಧಾರಕ ಲೂಥರ್ ಹಾದಿ ಹಿಡಿಯಿತು. ಸಂತರ ಪೂಜೆ ನಿಂತಿತು, ಮಾರಿಸ್ ಮಾತ್ರ ಉಳಿದ.

ಅವನನ್ನು ಕಿತ್ತುಹಾಕಿದ್ದು ನಾಜಿಗಳು. 1929ರಲ್ಲಿ, ಜರ್ಮನಿಯಲ್ಲೇ ಮೊದಲಿಗೆ, ಅವರಿಗೆ ನಗರಸಭೆಯಲ್ಲಿ ಬಹುಮತ ಸಿಕ್ಕಿದ್ದು ಈ ಊರಲ್ಲೇ. ಅಂಥವರಿಗೆ ಊರಿನ ಗುರುತಾಗಿ ಆಫ್ರಿಕಾದವನ ಮುಖ ಹೇಗೆ ಸರಿಬರಬೇಕು? 1934ರಲ್ಲಿ ಅದರ ಜಾಗಕ್ಕೆ ಕತ್ತಿ ಬಂತು. ಕತ್ತಿಯ ಹಿಡಿಯ ತುದಿಯಲ್ಲಿ ನಾಜಿಗಳ ಗುರುತಾದ ಸ್ವಸ್ತಿಕ. 1945ರಲ್ಲಿ ನಾಜಿಗಳು ಹೋದರು, ಮಾರಿಸ್ ವಾಪಸ್ ಬಂದ.

2020ರಲ್ಲಿ ಮತ್ತೆ ಜಗಳ. ಇದು ಕಪ್ಪು ಜನರನ್ನು ಅಣಕಿಸುವ ಚಿತ್ರ, ತೆಗೆಯಿರಿ ಅಂತ ಆನ್‌ಲೈನ್ ಅರ್ಜಿ ಹಾಕಿದರು. ನಾಜಿಗಳು ತೆಗೆದದ್ದನ್ನೇ ನಾವೂ ತೆಗೆಯಬೇಕಾ ಅಂತ ಊರಿನವರು ಎದುರು ಅರ್ಜಿ ಹಾಕಿದರು. ಊರಿನವರ ಮಾತಲ್ಲಿ ತೂಕ ಇದೆ. ಆದರೂ ಆ ತುಟಿ, ಆ ಓಲೆ ನನಗೆ ಒಪ್ಪುವುದಿಲ್ಲ. ಜರ್ಮನಿಯದೇ ಇನ್ನೊಂದು ಊರು ಮಾಗ್ಡೆಬುರ್ಗ್‌ನ ದೊಡ್ಡ ಚರ್ಚ್‌ನಲ್ಲಿ ಇದೇ ಮಾರಿಸ್‌ನ ಕಲ್ಲಿನ ಪ್ರತಿಮೆ ಇದೆ, ಸುಮಾರು 1240ರ ಕಾಲದ್ದು. ಅದೂ ಆಫ್ರಿಕಾದ ಮುಖವೇ. ಆದರೆ ಮೈತುಂಬ ಕಬ್ಬಿಣದ ಬಳೆಗಳನ್ನು ಹೆಣೆದ ಕವಚ, ಅದೇ ಹೆಣಿಗೆಯ ಟೋಪಿ, ಗಂಭೀರ ನೋಟ. ನೋಡಿದರೆ ಇವನೊಬ್ಬ ಸೇನಾನಾಯಕ ಅನ್ನಿಸುತ್ತದೆ. ಕೋಬುರ್ಗ್‌ನವರು ಮಾರಿಸ್‌ನನ್ನು ಧಾರಾಳವಾಗಿ ಇಟ್ಟುಕೊಳ್ಳಲಿ. ಓಲೆ ಬಿಚ್ಚಿ, ಆ ಕವಚ ತೊಡಿಸಲಿ.