ಅರಮನೆಗೆ ಬಂದ ರಾಗಿ ಕೊಳಗ

ನಮಸ್ಕಾರ ಕೇಳುಗರೇ.

ನಮ್ಮ ಅಜ್ಜಿ ಮನೆಯ ಅಟ್ಟದಲ್ಲಿ ಒಂದು ಹಳೇ ಕೊಳಗ ಇತ್ತು. ಕಣದಲ್ಲಿ ರಾಗಿ ಅಳೆಯುವುದು ಅದರಲ್ಲೇ. ಹೊಸ ಮನೆ ಕಟ್ಟುವಾಗ ಹಳೇ ಸಾಮಾನಿನ ಜೊತೆ ಅದೂ ಹೋಯಿತು. ಯಾರೂ ಕೇಳಲಿಲ್ಲ.

ಮೈಸೂರಿನ ಮಾನಸಗಂಗೋತ್ರಿಯ ಜಾನಪದ ವಸ್ತು ಸಂಗ್ರಹಾಲಯಕ್ಕೆ ಹೋದಾಗ ನನಗೆ ಆ ಕೊಳಗ ನೆನಪಾಯಿತು. ಆ ಸಂಗ್ರಹಾಲಯ ಇರುವುದು ಜಯಲಕ್ಷ್ಮಿ ವಿಲಾಸದಲ್ಲಿ. ಚಾಮರಾಜ ಒಡೆಯರ ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿಯವರಿಗೆ ಅಂತ 1905ರ ಸುಮಾರಿಗೆ ಕಟ್ಟಿಸಿದ ಅರಮನೆ. ಪಕ್ಕದಲ್ಲೇ ಕುಕ್ಕರಹಳ್ಳಿ ಕೆರೆ. ರಾಜಕುಮಾರಿ ಓಡಾಡಿದ ಮನೆಯಲ್ಲಿ ಬೇಸಾಯದ ಸಾಮಾನು, ಅಡುಗೆಮನೆಯ ಪಾತ್ರೆ, ತೊಗಲುಗೊಂಬೆ, ಸೋಮನ ಕುಣಿತದ ಮುಖವಾಡ! ನಾನು ತುಂಬಾ ಹೊತ್ತು ಅಲ್ಲೇ ನಿಂತೆ.

ಮೈಸೂರು ವಿಶ್ವವಿದ್ಯಾನಿಲಯ ಇದನ್ನು ಶುರು ಮಾಡಿದ್ದು 1968ರಲ್ಲಿ. ಆಗ ವಿದ್ವತ್ತು ಅಂದರೆ ಓಲೆಗರಿ, ಶಾಸನ, ಹಳಗನ್ನಡ ಕಾವ್ಯ. ಒನಕೆ, ಮೊರ ಯಾರಿಗೆ ಬೇಕು, ಅಲ್ವಾ? ವಿದ್ವಾಂಸರಾದ ದೇ. ಜವರೇಗೌಡರು, ಜೀ.ಶಂ. ಪರಮಶಿವಯ್ಯನವರು ಅವೂ ಬೇಕು ಅಂದರು. ಜೀ.ಶಂ.ಪ. ಸಂಶೋಧನೆಗೆ ಆರಿಸಿಕೊಂಡದ್ದೇ ದಕ್ಷಿಣ ಕರ್ನಾಟಕದ ಜನಪದ ಕಾವ್ಯಗಳನ್ನು. ಓದು ಬರಹ ಬಾರದವರ ಬಾಯಲ್ಲಿದ್ದ ಹಾಡುಗಳವು. ವಸ್ತು ಕೂಡಿಸುವುದರಲ್ಲಿ ಕಲಾವಿದ ಪಿ.ಆರ್. ತಿಪ್ಪೇಸ್ವಾಮಿಯವರ ಕೆಲಸ ದೊಡ್ಡದು. ಅವರು ಚಿತ್ರದುರ್ಗ ಜಿಲ್ಲೆಯ ಹರ್ತಿಕೋಟೆಯವರು, ಒಳ್ಳೆಯ ಚಿತ್ರಗಾರರು. ಒಂದು ಹಳೇ ದೀಪದ ಕಂಬದಲ್ಲಿ ಕಮ್ಮಾರನ ಕೈಚಳಕ ಕಾಣಬೇಕಾದರೆ ಅಂಥ ಕಣ್ಣೇ ಬೇಕು. ಹೀಗೆ ಅಲ್ಲಿ ಕೂಡಿದ ವಸ್ತುಗಳು 6,500ಕ್ಕೂ ಜಾಸ್ತಿ.

ಅದೇ ಕಟ್ಟಡದಲ್ಲಿ ಸಾಹಿತಿಗಳ ವಿಭಾಗವೂ ಇದೆ. ಕುವೆಂಪು ಅವರಂಥ ದೊಡ್ಡವರು ಬಳಸಿದ ವಸ್ತುಗಳು ಅಲ್ಲಿವೆ. ಕವಿಯ ಸಾಮಾನೂ ರೈತನ ಸಾಮಾನೂ ಒಂದೇ ಸೂರಿನಡಿ! ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದು.

ಒಂದು ವಸ್ತು ಹೋದರೆ ಸುಮ್ನೆ ಮರವೋ ಕಬ್ಬಿಣವೋ ಹೋಗುವುದಿಲ್ಲ. ಅದರ ಜೊತೆಗಿದ್ದ ಮಾತೂ ಹೋಗುತ್ತದೆ. ಆ ಸಂಜೆ ಅಮ್ಮನಿಗೆ ಫೋನ್ ಮಾಡಿ ಕೇಳಿದೆ, "ಕಣದಲ್ಲಿ ಅಜ್ಜಿ ರಾಗಿ ಹೆಂಗೆ ಎಣಿಸ್ತಿದ್ರು?" ಅಮ್ಮ ತಡಮಾಡಲೇ ಇಲ್ಲ. ಮೊದಲನೇ ಕೊಳಗಕ್ಕೆ ಒಂದು ಅನ್ನಬಾರದಂತೆ. ಮೂವತ್ತು ವರ್ಷದಿಂದ ಕಣ ತುಳಿಯದ ಅಮ್ಮ ಫೋನಿನಲ್ಲೇ ಎಣಿಸಿದರು: "ಲಾಭ... ಎರಡು... ಮೂರು..."